ಎಣಿಕೆಯ ಅನಂತ ಮತ್ತು ದೇವರ ಅನಂತತೆ: ಕಾಂಟೋರನ ದೈವಶಾಸ್ತ್ರೀಯ ಪತ್ರಗಳ ಒಂದು ವಿಮರ್ಶೆ

ನಮ್ಮ ಸಭೆಗಳ ಪ್ರಾರ್ಥನೆಗಳಲ್ಲಿ 'ಅನಂತ' ಎಂಬ ಪದವು ಬಹು ಸುಲಭವಾಗಿ ಬಂದುಹೋಗುತ್ತದೆ. ಅನಂತ ಕೃಪೆ, ಅನಂತ ಪ್ರೀತಿ, ಅನಂತ ಜ್ಞಾನ ಎಂದು ಹೇಳುವಾಗ ಆ ವಿಶೇಷಣಕ್ಕೆ ಯಾವ ಅರ್ಥವನ್ನು ಕೊಡುತ್ತಿದ್ದೇವೆಂದು ನಿಂತು ಯೋಚಿಸುವುದು ಅಪರೂಪ. ಬಹುಮಟ್ಟಿಗೆ ಅದು 'ಬಹಳ ದೊಡ್ಡದು' ಎಂಬುದರ ಗೌರವದ ರೂಪವಾಗಿಯೇ ಬಳಕೆಯಾಗುತ್ತದೆ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಕೆಲವು ವರ್ಷಗಳ ಹಿಂದೆ ಒಂದು ಎಳೆಯ ಮಗುವಿನ ಶವಸಂಸ್ಕಾರದ ಆರಾಧನೆಯಲ್ಲಿ ನಾವು ದೇವರ ಅನಂತ ಪ್ರೀತಿಯನ್ನು ಕುರಿತು ಮಾತನಾಡಿದೆವು. ಸಮಾಧಿಯಿಂದ ಹಿಂದಿರುಗುವಾಗ ಮಗುವಿನ ಅಜ್ಜ, ಗಣಿತದ ಉಪಾಧ್ಯಾಯರಾಗಿ ನಿವೃತ್ತರಾದವರು, ಮೆಲುದನಿಯಲ್ಲಿ ಕೇಳಿದರು: "ಅಯ್ಯನವರೇ, ಅನಂತದಿಂದ ಒಂದನ್ನು ಕಳೆದರೂ ಅನಂತವೇ ಉಳಿಯುತ್ತದೆ. ಹಾಗಾದರೆ ಒಂದು ಮಗು ಕಡಮೆಯಾದದ್ದು ಆತನಿಗೆ ತಿಳಿಯುವುದು ಹೇಗೆ?" ಅದು ಕುಚೋದ್ಯದ ಪ್ರಶ್ನೆಯಾಗಿರಲಿಲ್ಲ. ನಮ್ಮಲ್ಲಿ ಉತ್ತರವೂ ಇರಲಿಲ್ಲ. ಗಿಯೋರ್ಗ್ ಕಾಂಟೋರನ ದೈವಶಾಸ್ತ್ರೀಯ ಬರಹಗಳನ್ನು ನಾವು ಓದತೊಡಗಿದ್ದು ಆ ಪ್ರಶ್ನೆಯ ಕಾರಣದಿಂದ.

ಕಾಂಟೋರನನ್ನು (1845–1918) ಲೋಕವು ಅನಂತಗಳ ಗಣಿತವನ್ನು ಕಟ್ಟಿದವನೆಂದು ಬಲ್ಲದು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ಆತನು ತನ್ನ ಬೋಧನಾವೃತ್ತಿಯನ್ನೆಲ್ಲ ಜರ್ಮನಿಯ ಹಾಲೆಯಲ್ಲಿ ಕಳೆದನು. 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಝೀಗನ್‌ಬಾಲ್ಗನು ಓದಿದ್ದೂ ಅದೇ ಹಾಲೆಯಲ್ಲಿ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನೆಯಬಹುದು. ತಂದೆ ಭಕ್ತಿವಂತ ಲೂಥರನ್, ತಾಯಿ ಕಥೋಲಿಕ ಮನೆತನದವಳು. ಮಗನಿಗೆ ಲೂಥರನ್ ಶಿಕ್ಷಣ. 1885ರಲ್ಲಿ, ತನಗೆ ಬೆಂಬಲವಾಗಿದ್ದ ಸ್ವೀಡನ್ನಿನ ಗಣಿತಜ್ಞ ಮಿಟಾಗ್-ಲೆಫ್ಲರನೇ ಒಂದು ಪ್ರಬಂಧವನ್ನು ಹಿಂತೆಗೆದುಕೊಳ್ಳುವಂತೆ, ಅದು ನೂರು ವರ್ಷ ಮುಂಚಿತವಾಗಿ ಬಂದಿದೆಯೆಂದು ಸೂಚಿಸಿದಾಗ, ಕಾಂಟೋರನು ಗಣಿತಜ್ಞರಿಂದ ಮುಖ ತಿರುಗಿಸಿ ತತ್ತ್ವಜ್ಞಾನಿಗಳಿಗೂ ದೈವಶಾಸ್ತ್ರಿಗಳಿಗೂ ಬರೆಯತೊಡಗಿದನು. ಕಾಲವೂ ಅದಕ್ಕೆ ಅನುಕೂಲವಾಗಿತ್ತು. 1879ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅಕ್ವಿನಾಸನ ಅಧ್ಯಯನವನ್ನು ಪುನರುಜ್ಜೀವನಗೊಳಿಸುವಂತೆ ಕರೆಕೊಟ್ಟ ಮೇಲೆ ಕಥೋಲಿಕ ಪಂಡಿತರು ಹೊಸ ವಿಜ್ಞಾನಗಳತ್ತ ಕಿವಿಗೊಟ್ಟಿದ್ದರು. ಅವರೊಡನೆ ನಡೆದ ಪತ್ರವ್ಯವಹಾರವನ್ನು ಸೇರಿಸಿ ಕಾಂಟೋರನು 1887–88ರಲ್ಲಿ ಒಂದು ತತ್ತ್ವಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದ ದೀರ್ಘ ಲೇಖನವೇ ನಮ್ಮ ವಿಮರ್ಶೆಯ ವಸ್ತು. ಗಣಿತದ ಇತಿಹಾಸಕಾರರು ಇದನ್ನು ಒಬ್ಬ ಪ್ರತಿಭಾವಂತನ ವಿಚಿತ್ರ ಹವ್ಯಾಸವೆಂಬಂತೆ ದಾಟಿಹೋಗುವುದುಂಟು. ಅದನ್ನು ದೈವಶಾಸ್ತ್ರವೆಂದೇ ತೆಗೆದುಕೊಂಡು, ದೈವಶಾಸ್ತ್ರದ ಅಳತೆಗೋಲಿನಿಂದಲೇ ಅಳೆಯುವುದು ನ್ಯಾಯವೆಂದು ನಮಗೆ ತೋರುತ್ತದೆ.

ಅದಕ್ಕೆ ಮೊದಲು ಗಣಿತದ ಹುರುಳನ್ನು ತಿಳಿಯಬೇಕು. ಕರ್ತನ ಭೋಜನದ ದಿನ ತಟ್ಟೆಯಲ್ಲಿರುವ ಪುಟ್ಟ ಬಟ್ಟಲುಗಳೂ ಪೀಠದ ಮುಂದೆ ಬಂದ ಜನರೂ ಸಮನೆಂದು ತಿಳಿಯಲು ಎರಡನ್ನೂ ಎಣಿಸಬೇಕಾಗಿಲ್ಲ. ಒಬ್ಬೊಬ್ಬರ ಕೈಗೂ ಒಂದೊಂದು ಬಟ್ಟಲು ಬಂದು, ಬಟ್ಟಲೂ ಮಿಗದೆ ಜನರೂ ಮಿಗದೆ ಇದ್ದರೆ ಸಾಕು. ಈ ಒಂದಕ್ಕೊಂದು ಜೋಡಣೆಯೇ ಕಾಂಟೋರನ ಏಕಮಾತ್ರ ಉಪಕರಣ. ಎಣಿಕೆ ನಿಂತುಹೋಗುವಲ್ಲಿಯೂ ಜೋಡಣೆ ನಡೆಯುತ್ತದೆ. 1, 2, 3 ಎಂಬ ಸಂಖ್ಯೆಗಳನ್ನು 2, 4, 6 ಎಂಬ ಸಮಸಂಖ್ಯೆಗಳೊಡನೆ ಒಂದೂ ಮಿಗದಂತೆ ಜೋಡಿಸಬಹುದು. ಆದುದರಿಂದ ಭಾಗವು ಪೂರ್ಣಕ್ಕೆ ಸಮಗಾತ್ರವಾಗುತ್ತದೆ. ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ವರ್ಗಸಂಖ್ಯೆಗಳ ವಿಷಯವಾಗಿ ಇದನ್ನೇ ಕಂಡು, ಸಮ, ಹೆಚ್ಚು, ಕಡಮೆ ಎಂಬ ಮಾತುಗಳು ಅನಂತಕ್ಕೆ ಸಲ್ಲವೆಂದು ಅಲ್ಲಿಗೇ ಬಿಟ್ಟನು. ಕಾಂಟೋರನು ಬಿಡಲಿಲ್ಲ. ಭಿನ್ನರಾಶಿಗಳೆಲ್ಲವನ್ನೂ ಎಣಿಕೆಯ ಸಂಖ್ಯೆಗಳೊಡನೆ ಜೋಡಿಸಬಹುದೆಂದು ತೋರಿಸಿದನು. 1877ರಲ್ಲಿ, ಒಂದು ರೇಖೆಯ ಮೇಲಿನ ಬಿಂದುಗಳೂ ಒಂದು ಚೌಕದೊಳಗಿನ ಬಿಂದುಗಳೂ ಸಮಗಾತ್ರವೆಂದು ಸಿದ್ಧಪಡಿಸಿ, ತಾನು ಅದನ್ನು ಕಾಣುತ್ತಿದ್ದರೂ ನಂಬಲಾರೆನೆಂದು ಗೆಳೆಯ ಡೆಡೆಕಿಂಡನಿಗೆ ಬರೆದನು. ಕಾಣದೆ ನಂಬಿದವರು ಧನ್ಯರೆಂಬ ವಾಕ್ಯವನ್ನು ತೋಮನ ಕಥೆಯಲ್ಲಿ ಬೋಧಿಸುವ ನಮಗೆ, ಕಂಡೂ ನಂಬಲಾರದ ಈ ಶಿಷ್ಯನು ಮರುಕ ಹುಟ್ಟಿಸುತ್ತಾನೆ.

ಹಾಗಾದರೆ ಅನಂತಗಳೆಲ್ಲ ಒಂದೇ ಗಾತ್ರವೇ? ಅಲ್ಲವೆಂಬುದೇ 1874ರ ಆತನ ಶೋಧ. 1891ರಲ್ಲಿ ಅದಕ್ಕೆ ಇನ್ನೂ ಸರಳವಾದ ಸಾಧನೆಯನ್ನು ಕೊಟ್ಟನು. ಕೊನೆಯಿಲ್ಲದ ಒಂದು ದಾಖಲೆ ಪುಸ್ತಕವನ್ನು ಊಹಿಸೋಣ. ಅದರ ಪ್ರತಿಯೊಂದು ಸಾಲಿನಲ್ಲಿಯೂ ಸೊನ್ನೆ ಮತ್ತು ಒಂದುಗಳ ಕೊನೆಯಿಲ್ಲದ ಸರಣಿ ಇದೆ. ಅಂಥ ಸರಣಿಗಳೆಲ್ಲವೂ ತನ್ನಲ್ಲಿವೆಯೆಂದು ಪುಸ್ತಕವು ಹೇಳಿಕೊಳ್ಳುತ್ತದೆ. ಮೊದಲನೆಯ ಸಾಲಿನ ಮೊದಲನೆಯ ಅಂಕಿಯನ್ನು ಬದಲಿಸಿ ಬರೆದುಕೊಳ್ಳಿರಿ. ಎರಡನೆಯ ಸಾಲಿನ ಎರಡನೆಯದನ್ನು, ಮೂರನೆಯದರ ಮೂರನೆಯದನ್ನು, ಹೀಗೆಯೇ ಕರ್ಣದ ಉದ್ದಕ್ಕೂ. ಹೀಗೆ ದೊರೆತ ಸರಣಿಯು ಪುಸ್ತಕದ ಪ್ರತಿಯೊಂದು ಸಾಲಿಗಿಂತಲೂ ಕನಿಷ್ಠ ಒಂದು ಸ್ಥಾನದಲ್ಲಿ ಭಿನ್ನವಾದುದು. ಆದುದರಿಂದ ಅದು ಪುಸ್ತಕದಲ್ಲಿಲ್ಲ. ಪುಸ್ತಕಕ್ಕೆ ಅದನ್ನು ಸೇರಿಸಿದರೂ ಇದೇ ಕ್ರಮದಿಂದ ಮತ್ತೊಂದು ಹೊರಗುಳಿಯುತ್ತದೆ. ಎಣಿಕೆಯ ಸಂಖ್ಯೆಗಳು ಸಾಲದಷ್ಟು ದೊಡ್ಡದಾದ ಅನಂತವೊಂದು ಇದೆ ಎಂದಾಯಿತು.

ಅದೂ ಕೊನೆಯದಲ್ಲ. ಮೂವರು ಸದಸ್ಯರಿರುವ ಸಭೆಯಿಂದ ರಚಿಸಬಹುದಾದ ಸಮಿತಿಗಳು ಎಂಟು, ಒಬ್ಬರೂ ಇಲ್ಲದ ಸಮಿತಿಯನ್ನೂ ಸೇರಿಸಿ. (ಸದಸ್ಯರಿಗಿಂತ ಸಮಿತಿಗಳೇ ಹೆಚ್ಚೆಂಬುದು ನಮ್ಮ ಸಭಾಡಳಿತವನ್ನು ಬಲ್ಲವರಿಗೆ ಹೊಸ ಸುದ್ದಿಯಲ್ಲ.) ಸದಸ್ಯರು ಅನಂತರಾದರೂ ಇದು ನಿಜ. ಪ್ರತಿಯೊಂದು ಸಮಿತಿಗೂ ಒಬ್ಬೊಬ್ಬ ಸದಸ್ಯನ ಹೆಸರಿಟ್ಟಿದ್ದಾರೆಂದುಕೊಳ್ಳೋಣ. ತಮ್ಮ ಹೆಸರಿನ ಸಮಿತಿಯಲ್ಲಿ ತಾವೇ ಇಲ್ಲದವರೆಲ್ಲರನ್ನೂ ಕೂಡಿಸಿ ಒಂದು ಸಮಿತಿ ಮಾಡಿದರೆ ಅದಕ್ಕೆ ಯಾರ ಹೆಸರು? ಆ ಸದಸ್ಯನು ಅದರೊಳಗಿದ್ದರೆ ಇರಬಾರದು, ಇಲ್ಲದಿದ್ದರೆ ಇರಲೇಬೇಕು. ಆದುದರಿಂದ ಹೆಸರು ಸಿಗದ ಸಮಿತಿಯೊಂದು ಯಾವಾಗಲೂ ಉಳಿಯುತ್ತದೆ. ಯಾವ ಗಣವನ್ನು ತೆಗೆದುಕೊಂಡರೂ ಅದರ ಉಪಗಣಗಳ ಗಣವು ಅದಕ್ಕಿಂತ ದೊಡ್ಡದು. ಅತ್ಯಂತ ದೊಡ್ಡ ಅನಂತ ಎಂಬುದು ಇಲ್ಲ. ಈ ಗಾತ್ರಗಳನ್ನು ಗುರುತಿಸಲು ಕಾಂಟೋರನು ಮುಂದೆ ಆರಿಸಿಕೊಂಡದ್ದು ಇಬ್ರಿಯ ಭಾಷೆಯ ಮೊದಲ ಅಕ್ಷರವಾದ ಆಲೆಫ್. ಎಣಿಕೆಯ ಸಂಖ್ಯೆಗಳ ಗಾತ್ರವಾದ ಆಲೆಫ್-ಸೊನ್ನೆಯೇ ಅನಂತಗಳಲ್ಲಿ ಅತ್ಯಂತ ಚಿಕ್ಕದು.

'ದೇವರು ಎಲ್ಲಕ್ಕಿಂತ ದೊಡ್ಡ ಅನಂತ' ಎಂಬ ನಮ್ಮ ಪ್ರಸಂಗದ ಮಾತು ಈ ಫಲಿತಾಂಶದ ಮುಂದೆ ನಿಲ್ಲಲಾರದು. ಕಾಂಟೋರನಿಗೆ ಇದು ಸ್ಪಷ್ಟವಾಗಿ ತಿಳಿದಿತ್ತು. ಲೇಖನದಲ್ಲಿ ಆತನು ಎರಡು ಅನಂತಗಳನ್ನು ಬೇರ್ಪಡಿಸುತ್ತಾನೆ: ಸೃಷ್ಟಿಯಾಗದ, ನಿತ್ಯವಾದ, ದೇವರಲ್ಲಿ ಮಾತ್ರ ಇರುವ ಪರಮ ಅನಂತ, ಸೃಷ್ಟಿಯಲ್ಲಿಯೂ ನಮ್ಮ ಬುದ್ಧಿಯಲ್ಲಿಯೂ ಇರಬಲ್ಲ, ಗಾತ್ರಭೇದಗಳುಳ್ಳ ಅನಂತ. ಎರಡನೆಯದನ್ನು ಆತನು ಪರಿಮಿತಾತೀತವೆಂದು ಕರೆದನು. ಅನಂತವೆಂಬುದು ದೇವರಿಗೆ ಮಾತ್ರ ಸಲ್ಲತಕ್ಕದ್ದಾದ್ದರಿಂದ ಸೃಷ್ಟಿಯಲ್ಲಿ ಅನಂತವಿದೆಯೆನ್ನುವುದು ಸೃಷ್ಟಿಯನ್ನೇ ದೇವರೆನ್ನುವ ಸರ್ವೇಶ್ವರವಾದವೆಂಬ ಭಯಕ್ಕೆ ಇದು ಉತ್ತರ.

ಇಲ್ಲಿ ಆತನು ಎದುರಿಸಬೇಕಾಗಿದ್ದ ಪ್ರತಿವಾದಿ ಅಕ್ವಿನಾಸನೇ. ಅಕ್ವಿನಾಸನು ಮಹಾಸಂಗ್ರಹದ ಮೊದಲ ಭಾಗದ ಏಳನೆಯ ಪ್ರಶ್ನೆಯಲ್ಲಿ, ಅನಂತವಾದ ಬಹುತ್ವವು ವಾಸ್ತವವಾಗಿ ಇರಲಾರದೆಂದು ಎರಡು ಕಾರಣಗಳನ್ನು ಕೊಡುತ್ತಾನೆ. ಪ್ರತಿಯೊಂದು ಬಹುತ್ವವೂ ಯಾವುದಾದರೊಂದು ಸಂಖ್ಯೆಯ ಜಾತಿಗೆ ಸೇರಬೇಕು, ಅನಂತವಾದ ಸಂಖ್ಯಾಜಾತಿಯಿಲ್ಲ ಎಂಬುದೊಂದು. ಸೃಷ್ಟಿಯಾದದ್ದೆಲ್ಲ ಸೃಷ್ಟಿಕರ್ತನ ನಿಶ್ಚಿತ ಸಂಕಲ್ಪಕ್ಕೆ ಒಳಪಟ್ಟದ್ದಾದುದರಿಂದ ಅದರ ಸಂಖ್ಯೆಯೂ ನಿಶ್ಚಿತವಾಗಿರಬೇಕು ಎಂಬುದು ಮತ್ತೊಂದು. ಕಾಂಟೋರನ ಉತ್ತರ ನೇರವಾದದ್ದು: ನಿಶ್ಚಿತವೂ ಪರಿಮಿತವೂ ಒಂದೇ ಅಲ್ಲ. ಒಂದರಿಂದೊಂದು ಸ್ಪಷ್ಟವಾಗಿ ಬೇರೆಯಾದ, ತಮ್ಮದೇ ಗಣಿತನಿಯಮಗಳುಳ್ಳ ಅನಂತಸಂಖ್ಯೆಗಳನ್ನು ತೋರಿಸಿದ ಮೇಲೆ ಎರಡು ಕಾರಣಗಳೂ ಬೀಳುತ್ತವೆ. ಈ ವಾದದಲ್ಲಿ ಗಣಿತಜ್ಞನೇ ಗೆದ್ದನೆಂದು ನಾವು ಒಪ್ಪುತ್ತೇವೆ. ಪ್ರಾಮಾಣಿಕನಾದ ಅಕ್ವಿನಾಸನು ಲೋಕದ ನಿತ್ಯತ್ವವನ್ನು ಕುರಿತ ತನ್ನ ಸಣ್ಣ ಪ್ರಬಂಧದಲ್ಲಿ, ದೇವರು ವಾಸ್ತವ ಅನಂತವನ್ನು ಉಂಟುಮಾಡಲಾರನೆಂಬುದು ಇನ್ನೂ ಸಾಧಿತವಾಗಿಲ್ಲವೆಂದು ಒಪ್ಪಿಕೊಂಡಿದ್ದನ್ನೂ ಹೇಳಬೇಕು.

ಕಾಂಟೋರನು ತನ್ನ ಪಕ್ಷಕ್ಕೆ ಕರೆತಂದ ಸಾಕ್ಷಿ ಸಂತ ಅಗಸ್ಟಿನ್. ದೇವರ ನಗರದ ಹನ್ನೆರಡನೆಯ ಪುಸ್ತಕದಲ್ಲಿ ಅಗಸ್ಟಿನನು, ಅನಂತವಾದುದನ್ನು ದೇವರ ಜ್ಞಾನವೂ ಹಿಡಿಯಲಾರದೆನ್ನುವವರನ್ನು ಖಂಡಿಸುತ್ತಾನೆ. ಸಂಖ್ಯೆಗಳಿಗೆ ಕೊನೆಯಿಲ್ಲ, ಆದರೆ ಪ್ರತಿಯೊಂದು ಸಂಖ್ಯೆಯೂ ಮತ್ತೊಂದರಿಂದ ಬೇರೆ, ದೇವರು ಇಷ್ಟರವರೆಗೆ ಮಾತ್ರ ಬಲ್ಲನೆಂದು ಹೇಳುವ ಹುಚ್ಚು ಯಾರಿಗಿದೆ? ಸಕಲ ಅನಂತತೆಯೂ ವರ್ಣಿಸಲಾಗದ ರೀತಿಯಲ್ಲಿ ದೇವರಿಗೆ ಪರಿಮಿತವೇ ಎಂಬುದು ಆತನ ನಿರ್ಣಯ. ಆರಂಭದ ಸಭೆಯಲ್ಲಿಯೇ ಒರಿಗೆನನು, ಗ್ರೀಕ್ ತುಣುಕುಗಳಲ್ಲಿ ಉಳಿದಿರುವಂತೆ, ದೇವರ ಶಕ್ತಿಯು ಅನಂತವಾಗಿದ್ದರೆ ಅದು ತನ್ನನ್ನೇ ಅರಿಯಲಾರದೆಂದು ಅಂಜಿದ್ದನು. ಅಗಸ್ಟಿನನ ಅಧ್ಯಾಯವು ಅಂಥ ಅಂಜಿಕೆಗೆ ಮದ್ದು. ಹದಿನಾಲ್ಕು ಶತಮಾನಗಳ ಮೇಲೆ ಕಾಂಟೋರನು ಈ ಅಧ್ಯಾಯವನ್ನು ಎತ್ತಿ ಹಿಡಿದುದು ಆತನ ಓದಿನ ಸೂಕ್ಷ್ಮತೆಯನ್ನು ತೋರಿಸುತ್ತದೆ.

ಆದರೆ ಪತ್ರವ್ಯವಹಾರದ ಅತ್ಯಂತ ಮಹತ್ತ್ವದ ಘಟ್ಟ ಬೇರೊಂದು. 1886ರ ಜನವರಿಯಲ್ಲಿ ಯೇಸುಸಭೆಯ ಕಾರ್ಡಿನಲ್ ಫ್ರಾಂಟ್ಸೆಲಿನರಿಗೆ ಬರೆದ ಪತ್ರದಲ್ಲಿ ಕಾಂಟೋರನು, ದೇವರ ಪರಿಪೂರ್ಣತೆಯಿಂದ ಪರಿಮಿತಾತೀತವನ್ನು ಸೃಷ್ಟಿಸುವ ಸಾಧ್ಯತೆಯನ್ನೂ, ಆತನ ಒಳ್ಳೆಯತನ ಮತ್ತು ಮಹಿಮೆಯಿಂದ ಅಂಥ ಸೃಷ್ಟಿ ನಡೆದಿರಲೇಬೇಕೆಂಬ ಅಗತ್ಯವನ್ನೂ ಅನುಮಾನಿಸಿದನು. ಫ್ರಾಂಟ್ಸೆಲಿನರು ಮೊದಲನೆಯದಕ್ಕೆ ಅಡ್ಡಿ ಹೇಳಲಿಲ್ಲ. ಎರಡು ಅನಂತಗಳ ವ್ಯತ್ಯಾಸವನ್ನೂ ಒಪ್ಪಿದರು. ಎರಡನೆಯದನ್ನು ತಡೆದರು: ದೇವರು ಸೃಷ್ಟಿಸಲೇಬೇಕಾಗಿತ್ತು ಎಂದರೆ ಆತನ ಸ್ವಾತಂತ್ರ್ಯಕ್ಕೆ ಕುಂದು. ಕಾಂಟೋರನು ಹಿಂದೆ ಸರಿದು, ತಾನು ಹೇಳಿದ್ದು ದೇವರ ಮೇಲಿನ ನಿರ್ಬಂಧವಲ್ಲ, ನಮ್ಮ ಬುದ್ಧಿಯು ಆತನ ಒಳ್ಳೆಯತನದಿಂದ ಹಾಗೆ ನಿರ್ಣಯಿಸಬೇಕಾಗುವ ಅಗತ್ಯವೆಂದು ತಿದ್ದಿಕೊಂಡನು. ಫ್ರಾಂಟ್ಸೆಲಿನರು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಗಣಿತದ ಸೂಕ್ಷ್ಮಗಳಲ್ಲಿ ಪಳಗದಿದ್ದರೂ ವಾದವು ಎಲ್ಲಿ ಜಾರುತ್ತದೆಂದು ಗುರುತಿಸಿದ ಈ ವೃದ್ಧ ಬೋಧಕರ ಉತ್ತರವು ನಮ್ಮ ಧರ್ಮಶಾಸ್ತ್ರ ತರಗತಿಗಳಲ್ಲಿ ಮಾದರಿಯಾಗಿ ಓದಲು ಯೋಗ್ಯವಾದುದು. ಕಾಂಟೋರನ ತಿದ್ದುಪಡಿ ನಮಗೆ ಪೂರ್ಣ ಸಮಾಧಾನ ಕೊಡುವುದಿಲ್ಲ. ಕೃಪೆಯಿಂದಾದುದನ್ನು ನಿಯಮದಿಂದಾದುದೆಂದು ಓದುವ ಸೆಳೆತ ಆತನಲ್ಲಿ ಕೊನೆಯವರೆಗೂ ಉಳಿಯಿತು. ತನ್ನ ಸಿದ್ಧಾಂತವೇ ದೇವರಿಂದ ತನಗೆ ತಿಳಿಸಲ್ಪಟ್ಟದ್ದೆಂಬ ನಂಬಿಕೆಯೂ ಅದರ ಜೊತೆಗಿತ್ತು. 1884ರಿಂದ ಆತನನ್ನು ಮತ್ತೆ ಮತ್ತೆ ಕಾಡಿದ ಮನೋವ್ಯಾಧಿಯನ್ನು ಅನಂತವನ್ನು ಮುಟ್ಟಿದುದರ ಶಿಕ್ಷೆಯೆಂಬಂತೆ ಬಣ್ಣಿಸುವ ಪ್ರಸಂಗಗಳನ್ನು ನಾವು ಕೇಳಿದ್ದೇವೆ. ಅವು ರೋಗಿಗಳಿಗೂ ಗಣಿತಕ್ಕೂ ಅನ್ಯಾಯ ಮಾಡುತ್ತವೆ.

ನಮ್ಮ ಮುಖ್ಯ ಆಕ್ಷೇಪಣೆ ಪರಮ ಅನಂತದ ಲಕ್ಷಣವನ್ನು ಕುರಿತದ್ದು. ಪರಿಮಿತಾತೀತವನ್ನು ಹೆಚ್ಚಿಸಬಹುದು, ಪರಮವನ್ನು ಹೆಚ್ಚಿಸಲಾಗದು ಎಂದು ಕಾಂಟೋರನು ಎರಡನ್ನೂ ಬೇರ್ಪಡಿಸುತ್ತಾನೆ. ಆದರೆ 'ಹೆಚ್ಚಿಸಲಾಗದು' ಎಂಬುದೂ ಗಾತ್ರದ ಮಾತೇ. ದೇವರನ್ನು ಏಣಿಯ ಮೆಟ್ಟಿಲಾಗಿ ಇಡದಿದ್ದರೂ ಏಣಿಯ ದಿಕ್ಕಿನಲ್ಲಿಯೇ ಇಟ್ಟಂತಾಯಿತು. ಪರಮವನ್ನು ಅಂಗೀಕರಿಸಬಹುದೇ ಹೊರತು ಸಮೀಪದಿಂದಲೂ ಅರಿಯಲಾಗದೆಂದು 1883ರ ಕೃತಿಯಲ್ಲಿ ಆತನೇ ವಿನಯದಿಂದ ಹೇಳಿದ್ದುಂಟು. ಆದರೂ 1899ರಲ್ಲಿ ಡೆಡೆಕಿಂಡನಿಗೆ ಬರೆಯುವಾಗ, ಎಲ್ಲ ಆಲೆಫ್‌ಗಳನ್ನೂ ಒಂದೇ ಸಮಷ್ಟಿಯಾಗಿ ಭಾವಿಸಿದರೆ ವಿರೋಧ ಹುಟ್ಟುತ್ತದೆಂದು ತೋರಿಸಿ, ಅಂಥವುಗಳಿಗೂ ಪರಮವಾಗಿ ಅನಂತವೆಂಬ ಹೆಸರನ್ನೇ ಕೊಟ್ಟನು. ಮುಂದಿನವರು ಆ ತೊಡಕನ್ನು ಯಾವ ಭಕ್ತಿಯೂ ಬೇಕಾಗದ ರೀತಿಯಲ್ಲಿ ಬಿಡಿಸಿದರು: 1908ರಲ್ಲಿ ಜೆರ್ಮೆಲೋ ಗಣಗಳಿಗೆ ಮೂಲತತ್ತ್ವಗಳನ್ನು ಹಾಕಿಕೊಟ್ಟನು, 1925ರಲ್ಲಿ ಫಾನ್ ನಾಯ್ಮನನು ಅತಿ ದೊಡ್ಡ ಸಮೂಹಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟನು. ದೇವರನ್ನು ಆ ತೊಡಕಿನಲ್ಲಿ ಕೂರಿಸಿದ್ದರೆ ಈಗ ಆತನು ಗಣಸಿದ್ಧಾಂತದ ಒಂದು ತಾಂತ್ರಿಕ ಪದವಾಗಿಬಿಡುತ್ತಿದ್ದನು.

ಬಹುತ್ವದ ವಿಷಯದಲ್ಲಿ ಸೋತ ಅಕ್ವಿನಾಸನು ಇಲ್ಲಿ ಗೆಲ್ಲುತ್ತಾನೆ. ಅದೇ ಏಳನೆಯ ಪ್ರಶ್ನೆಯ ಆರಂಭದಲ್ಲಿ ಆತನು ದೇವರನ್ನು ಅನಂತನೆನ್ನುವುದು ಪರಿಮಾಣದ ಅರ್ಥದಲ್ಲಿ ಅಲ್ಲ. ಆತನ ಇರವು ಬೇರೆ ಯಾವುದರಲ್ಲಿಯೂ ಸ್ವೀಕೃತವಾಗಿ ಅದರಿಂದ ಎಲ್ಲೆಗೊಳಪಟ್ಟದ್ದಲ್ಲ ಎಂಬ ಅರ್ಥದಲ್ಲಿ. 147ನೆಯ ಕೀರ್ತನೆಯ ಇಬ್ರಿಯ ಮೂಲವು ಇದನ್ನೇ ಒಂದೇ ಪದದಿಂದ ಹೇಳುತ್ತದೆ. ನಾಲ್ಕನೆಯ ವಚನದಲ್ಲಿ ದೇವರು ನಕ್ಷತ್ರಗಳ ಸಂಖ್ಯೆಯನ್ನು ಎಣಿಸುತ್ತಾನೆ. ಐದನೆಯ ವಚನದಲ್ಲಿ ಆತನ ವಿವೇಕಕ್ಕೆ ಸಂಖ್ಯೆಯೇ ಇಲ್ಲ. ಎರಡು ಕಡೆಯಲ್ಲಿಯೂ ಇರುವುದು 'ಮಿಸ್ಪಾರ್' ಎಂಬ ಅದೇ ಪದ. ಆತನ ವಿವೇಕಕ್ಕೆ ಬಹು ದೊಡ್ಡ ಸಂಖ್ಯೆಯಿದೆ ಎಂದಲ್ಲ, ಸಂಖ್ಯೆಯ ಮಾತೇ ಸಲ್ಲದು. ಅನುವಾದಗಳಲ್ಲಿ 'ಅಪಾರ', 'ಅಪರಿಮಿತ' ಎಂಬ ಪದಗಳು ಬಂದಾಗ ಈ ಸಂಬಂಧ ಮರೆಯಾಗುತ್ತದೆ. ಅಗಸ್ಟಿನನು ಮೇಲೆ ಹೇಳಿದ ಅಧ್ಯಾಯದಲ್ಲಿ ಆತುಕೊಂಡದ್ದು ಈ ವಚನವನ್ನೇ.

ನಮ್ಮ ನಾಡಿನ ಮಾತನ್ನೂ ಇಲ್ಲಿ ಒಂದಿಷ್ಟು ನೆನೆಯಬೇಕು. ಕಾಂಟೋರನಿಗಿಂತ ಬಹು ಹಿಂದೆಯೇ ಜೈನ ಆಚಾರ್ಯರು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿ, ಅನಂತದಲ್ಲಿಯೂ ಭೇದಗಳನ್ನು ಹೇಳಿದ್ದರು. ಅಂಥ ಚರ್ಚೆಯುಳ್ಳ ಧವಲಾ ಟೀಕೆಯ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಮೂಡಬಿದಿರೆ. ಜೋಡಣೆಯಿಂದ ಸಾಧಿಸುವ ಕಾಂಟೋರನ ಕ್ರಮವು ಅಲ್ಲಿಲ್ಲ. ಆದರೂ 'ಅನಂತ' ಎಂದೊಡನೆ ಚರ್ಚೆ ಮುಗಿಯಿತೆಂದು ಭಾವಿಸದ ಒಂದು ಶಿಸ್ತು ಈ ಮಣ್ಣಿನಲ್ಲಿಯೇ ಇತ್ತು.

ಅನಂತದ ವಿಚಿತ್ರಗಳನ್ನು ಅಸ್ತ್ರವಾಗಿ ಬಳಸುವ ಸಮರ್ಥಕರ ಬಗ್ಗೆಯೂ ಒಂದು ಮಾತು. ಹಿಲ್ಬರ್ಟನ ಹೋಟೆಲ್ ಪ್ರಸಿದ್ಧವಾದುದು: ಅನಂತ ಕೋಣೆಗಳೂ ತುಂಬಿವೆ, ಆದರೂ ಪ್ರತಿಯೊಬ್ಬರನ್ನೂ ಮುಂದಿನ ಕೋಣೆಗೆ ಕಳುಹಿಸಿದರೆ ಹೊಸ ಅತಿಥಿಗೆ ಸ್ಥಳ ಸಿಗುತ್ತದೆ. ಇದು ಅಸಂಬದ್ಧ, ಆದುದರಿಂದ ಗತಕಾಲವು ಅನಂತವಾಗಿರಲಾರದು, ಆದುದರಿಂದ ಸೃಷ್ಟಿಕರ್ತನಿದ್ದಾನೆ ಎಂದು 1979ರ ವಿಲಿಯಂ ಲೇನ್ ಕ್ರೇಗರ ಗ್ರಂಥದಿಂದೀಚೆಗೆ ನಮ್ಮ ವಿದ್ಯಾರ್ಥಿಗಳು ಉತ್ಸಾಹದಿಂದ ವಾದಿಸುತ್ತಾರೆ. ವಿಚಿತ್ರವಾದುದೆಲ್ಲ ವಿರುದ್ಧವಾದುದಲ್ಲ. ಲೋಕಕ್ಕೆ ಆರಂಭವಿತ್ತೆಂಬುದನ್ನು ಅಕ್ವಿನಾಸನು ತರ್ಕದಿಂದ ಸಾಧಿಸಹೋಗದೆ ವಿಶ್ವಾಸದ ಅಂಗವೆಂದೇ ಬಿಟ್ಟನು. ನಂಬಿಕೆಯನ್ನು ಹೋಟೆಲಿನ ಕೋಣೆಗಳಿಗೆ ಕಟ್ಟಿಹಾಕದಿರುವುದು ಒಳ್ಳೆಯದು.

ಆ ಹೋಟೆಲಿನಲ್ಲಿಯೇ ಅಜ್ಜನ ಪ್ರಶ್ನೆಯ ಬೇರು ಇದೆ. ಒಬ್ಬ ಅತಿಥಿ ಹೊರಟುಹೋದರೆ ಉಳಿದವರನ್ನು ಒಂದೊಂದು ಕೋಣೆ ಹಿಂದಕ್ಕೆ ಸರಿಸಿದರಾಯಿತು. ಖಾಲಿ ಕೋಣೆಯೇ ಇರುವುದಿಲ್ಲ. ಅನಂತ ಕುರಿಗಳುಳ್ಳವನಿಗೆ ಗಾತ್ರದ ಲೆಕ್ಕದಲ್ಲಿ ಒಂದು ಕುರಿ ತಪ್ಪಿಹೋದದ್ದು ಎಂದಿಗೂ ಗೊತ್ತಾಗದು. ಲೂಕನ ಹದಿನೈದನೆಯ ಅಧ್ಯಾಯದ ಕುರುಬನಿಗೆ ನೂರೇ ಕುರಿಗಳಿದ್ದುದು ನಮ್ಮ ಪುಣ್ಯವೆಂದುಕೊಂಡು ಸುಮ್ಮನಾಗುವಂತಿಲ್ಲ. ದೇವರನ್ನು ಅನಂತನೆನ್ನುತ್ತಲೂ ಇದ್ದೇವಲ್ಲ. ಆದರೆ ಆ ಖಾಲಿ ಜಾಗವು ಮುಚ್ಚಿಹೋಗುವುದು ಹೇಗೆ? ಇವರ ಸ್ಥಾನದಲ್ಲಿ ಅವರನ್ನು ಇಡುವುದಕ್ಕೆ ನಮಗೆ ಅಧಿಕಾರವಿದೆಯೆಂದು ಒಪ್ಪಿಕೊಂಡಾಗ ಮಾತ್ರ. ಕಾಂಟೋರನು ಇದನ್ನು ಮರೆಮಾಚಲಿಲ್ಲ. 1895ರ ಪ್ರಬಂಧದಲ್ಲಿ ಆತನು ಗಣದ ಗಾತ್ರವನ್ನು ಸೂಚಿಸಲು ಅದರ ಅಕ್ಷರದ ಮೇಲೆ ಎರಡು ಗೆರೆಗಳನ್ನು ಎಳೆಯುತ್ತಾನೆ. ಒಂದು ಗೆರೆ, ಗಣದಲ್ಲಿರುವ ಒಂದೊಂದರ ಸ್ವಭಾವವನ್ನು ಬದಿಗಿಟ್ಟೆವೆಂಬುದಕ್ಕೆ. ಇನ್ನೊಂದು, ಅವುಗಳ ಕ್ರಮವನ್ನೂ ಬದಿಗಿಟ್ಟೆವೆಂಬುದಕ್ಕೆ. ಯಾರು ಎಂಬುದನ್ನೂ ಎಲ್ಲಿ ಎಂಬುದನ್ನೂ ಮರೆತ ಮೇಲೆ ಉಳಿಯುವುದೇ ಗಾತ್ರ. ಅನಂತದಿಂದ ಒಂದನ್ನು ಕಳೆದರೆ ಅನಂತವೇ ಉಳಿಯುತ್ತದೆಂಬುದು ಆ ಎರಡು ಗೆರೆಗಳ ಕೆಳಗೆ ಮಾತ್ರ ನಿಜ. ಕೀರ್ತನೆಗಾರನ ದೇವರಾದರೋ ನಕ್ಷತ್ರಗಳನ್ನು ಎಣಿಸುವ ಅದೇ ವಚನದಲ್ಲಿ ಅವುಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಾನೆ. ಅದರ ಹಿಂದಿನ ವಚನದಲ್ಲಿ ಮುರಿದ ಹೃದಯಗಳವರ ಗಾಯಗಳನ್ನು ಕಟ್ಟುತ್ತಾನೆ. ಆತನ ಎಣಿಕೆಯಲ್ಲಿ ಆ ಗೆರೆಗಳಿಲ್ಲ.

ಇಷ್ಟನ್ನು ನಾವು ಆ ಉಪಾಧ್ಯಾಯರ ಮನೆಗೆ ಹೋಗಿ, ಕಾಗದದ ಮೇಲೆ ಎರಡು ಗೆರೆಗಳನ್ನೂ ಎಳೆದು ಹೇಳಿದೆವು. ಗಣಿತದ ಭಾಗವನ್ನು ಅವರು ಒಪ್ಪಿದರು. ಉಳಿದುದರ ಬಗ್ಗೆ ಏನೂ ಹೇಳಲಿಲ್ಲ. ವರ್ಷ ತುಂಬಿದ ದಿನದ ಪ್ರಾರ್ಥನೆಗೆ 147ನೆಯ ಕೀರ್ತನೆಯನ್ನು ಓದಬೇಕೆಂದೂ, ಮೂರನೆಯ ವಚನದಿಂದ ಆರಂಭಿಸಬೇಕೆಂದೂ ಕೇಳಿಕೊಂಡರು.